ರಾಯ್ತೂರಿನ ಅಚ್ಚುಕೂಟದಿಂದ ಮೋತಿ ಡೊಂಗರಿನ ಜಾಲತಾಣಕ್ಕೆ



ಗೋವಾದ ಮಡಗಾಂವ ಪೇಟೆಗೆ ಅಂಟಿಕೊಂಡೇ ಒಂದು ಗುಡ್ಡವಿದೆ. ಅದರ ಹೆಸರು ಮೋತಿ ಡೊಂಗರ್. ಕಾರವಾರ, ಜೋಯಿಡಾ, ಖಾನಾಪುರ ಕಡೆಯ ಕೇಳುಗರಿಗೆ ಈ ಹೆಸರು ಹೊಸದಲ್ಲ. ನಿಮ್ಮಲ್ಲಿ ಕೆಲವರ ಅಣ್ಣನೋ ಸೋದರಮಾವನೋ ಅಲ್ಲಿ ಇದ್ದಾರು. ಮನೆ ಕಟ್ಟುವ ಕೆಲಸ, ಪೇಟೆಯ ಹಮಾಲಿ, ಊರು ಗುಡಿಸುವ ಕೆಲಸ, ಕಾಯಿಪಲ್ಲೆ ವ್ಯಾಪಾರ ಎಂದು ಘಟ್ಟ ಇಳಿದು ಹೋದ ನಮ್ಮವರು ಆ ಗುಡ್ಡದ ಮೈಮೇಲೆ ಮನೆ ಮಾಡಿಕೊಂಡರು. ಅಲ್ಲಿ ಕನ್ನಡ ಕೇಳುತ್ತದೆ, ಕೊಂಕಣಿ ಕೇಳುತ್ತದೆ, ಹಿಂದಿ ಕೇಳುತ್ತದೆ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡ ಆಡಿದರೆ ಮೊಮ್ಮಗ ಕೊಂಕಣಿಯಲ್ಲಿ ಉತ್ತರ ಕೊಡುತ್ತಾನೆ.

ಈಗ ಎಲ್ಲ ಕಡೆಯೂ ಸಂಘ ಸಂಸ್ಥೆಗಳಿಗೆ ಒಂದು ಜಾಲತಾಣ, ಅಂದರೆ ವೆಬ್‌ಸೈಟ್, ಬೇಕು ಎಂಬ ಮಾತು ಬರುತ್ತಿದೆ. ಯುವಕ ಮಂಡಳಕ್ಕೆ ಬೇಕು, ಮಹಿಳೆಯರ ಸ್ವಸಹಾಯ ಸಂಘಕ್ಕೆ ಬೇಕು, ಗಾರೆ ಕೆಲಸದ ಗುತ್ತಿಗೆದಾರನಿಗೂ ಬೇಕು. ಸಭೆ ಸೇರುತ್ತದೆ. ಮೊದಲು ಏಳುವ ಪ್ರಶ್ನೆ ಯಾವುದು? ಬಣ್ಣ ಯಾವುದಿರಲಿ, ಅಧ್ಯಕ್ಷರ ಫೋಟೋ ಎಡಕ್ಕಿರಲಿ ಅಥವಾ ಬಲಕ್ಕಿರಲಿ ಎಂಬುದು. ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಗಣಕಯಂತ್ರದ ಪಂಡಿತನಲ್ಲ. ಆದರೆ ಲೆಡ್ಜರ್ ಬರೆದ ಕೈಗೆ ಒಂದು ಮಾತು ಚೆನ್ನಾಗಿ ಗೊತ್ತು. ಪುಸ್ತಕದ ರಟ್ಟು ಹೇಗಿದ್ದರೂ ನಡೆಯುತ್ತದೆ. ಒಳಗೆ ಏನು ಬರೆದಿದೆ, ಯಾವ ಅಕ್ಷರದಲ್ಲಿ ಬರೆದಿದೆ, ಪುಸ್ತಕ ಯಾರ ಹೆಸರಿನಲ್ಲಿದೆ, ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ, ಇವು ಮುಖ್ಯ. ಜಾಲತಾಣವೂ ಒಂದು ಲೆಡ್ಜರೇ. ಈ ಮಾತಿಗೆ ಇತಿಹಾಸದಲ್ಲಿ ಸಾಕ್ಷಿ ಇದೆ. ಆ ಸಾಕ್ಷಿ ಮೋತಿ ಡೊಂಗರಿನಿಂದ ಹತ್ತು ಕಿಲೋಮೀಟರಿನ ಒಳಗೇ ಸಿಗುತ್ತದೆ. ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

ನಮ್ಮ ದೇಶಕ್ಕೆ ಅಚ್ಚಿನ ಯಂತ್ರ ಮೊದಲು ಬಂದದ್ದು ಗೋವಾಕ್ಕೆ, 1556ರಲ್ಲಿ. ಅದು ಹೋಗಬೇಕಾಗಿದ್ದದ್ದು ಆಫ್ರಿಕಾದ ಅಬಿಸೀನಿಯಾ ದೇಶಕ್ಕೆ. ಹಡಗು ದಾರಿಯಲ್ಲಿ ಗೋವಾದಲ್ಲಿ ನಿಂತಿತು, ಯಂತ್ರ ಇಲ್ಲೇ ಇಳಿಯಿತು. ಹಳೆಯ ಗೋವಾದ ಸಂತ ಪೌಲರ ಕಾಲೇಜಿನಲ್ಲಿ ಅದನ್ನು ಹೂಡಿದರು. ಯಂತ್ರ ಬಂತು, ಕಾಗದ ಬಂತು, ಕೆಲಸ ಬಲ್ಲವರೂ ಬಂದರು. ಬಾರದೆ ಉಳಿದದ್ದು ಒಂದೇ, ಈ ನೆಲದ ಜನ ಓದುವ ಅಕ್ಷರದ ಮೊಳೆಗಳು.

1579ರಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಗೋವಾಕ್ಕೆ ಬಂದರು. ಸಾಸಷ್ಟಿ ಸೀಮೆಯಲ್ಲಿ, ಅಂದರೆ ಈಗಿನ ಮಡಗಾಂವದ ಸುತ್ತಿನಲ್ಲಿ, ವರ್ಷಗಟ್ಟಲೆ ಇದ್ದು ಇಲ್ಲಿನ ಮಾತು ಕಲಿತರು. ಹತ್ತು ಸಾವಿರಕ್ಕೂ ಹೆಚ್ಚು ಓವಿಗಳ ‘ಕ್ರಿಸ್ತಪುರಾಣ’ ಬರೆದರು. ಅದರ ಭಾಷೆ ಮರಾಠಿ, ನಡುನಡುವೆ ಕೊಂಕಣಿಯ ಮಾತು. ಇದನ್ನು ಜನರ ಅಕ್ಷರದಲ್ಲಿಯೇ ಅಚ್ಚು ಹಾಕಬೇಕೆಂಬ ಆಸೆ ಅವರಿಗಿತ್ತು. 1608ರಲ್ಲಿ ರೋಮಿನ ಹಿರಿಯರಿಗೆ ಈ ವಿಷಯವಾಗಿ ಪತ್ರವನ್ನೂ ಬರೆದರು. ತೊಡಕು ಏನೆಂದರೆ, ನಮ್ಮ ಲಿಪಿಗಳಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆ ಬೇಕು. ಅಷ್ಟನ್ನು ಎರಕ ಹೊಯ್ಯುವುದು ಆಗಲಿಲ್ಲ. ಕೊನೆಗೆ 1616ರಲ್ಲಿ ಜುವಾರಿ ಹೊಳೆಯ ದಂಡೆಯ ರಾಯ್ತೂರಿನಲ್ಲಿ, ಪೋರ್ಚುಗೀಸರು ರಾಚೋಲ್ ಎಂದು ಕರೆದ ಊರಿನಲ್ಲಿ, ಆ ಪುಸ್ತಕ ರೋಮನ್ ಅಕ್ಷರದಲ್ಲಿ ಅಚ್ಚಾಯಿತು. ಮಾತು ನಮ್ಮದು, ಅಕ್ಷರ ಬೇರೆಯವರದು.

ಬಂಧುಗಳೇ, ಇದು ನಾಲ್ಕು ನೂರು ವರ್ಷದ ಹಿಂದಿನ ಕಥೆ ಎಂದು ತಳ್ಳಿಹಾಕಬೇಡಿ. ಇಂದು ನಮ್ಮ ಹುಡುಗರು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರಲ್ಲ, ಅದು ಅದೇ ರಾಯ್ತೂರಿನ ಕಥೆ. ಒಂದೇ ವ್ಯತ್ಯಾಸ, ಸ್ಟೀಫನ್ಸರಿಗೆ ಮೊಳೆ ಇರಲಿಲ್ಲ. ನಮಗೆ ಇದೆ.

ಆ ಮೊಳೆ ಸುಮ್ಮನೆ ಬರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಹೊರತಂದದ್ದು 1843ರ ಜುಲೈ 1ರಂದು. ಅದು ಕೂಡ ಕಲ್ಲಚ್ಚಿನಲ್ಲಿ. ಗೋವಾಕ್ಕೆ ಯಂತ್ರ ಬಂದು ಅಷ್ಟೊತ್ತಿಗೆ 287 ವರ್ಷ ಆಗಿತ್ತು. ಮುಂದೆ ಗಣಕಯಂತ್ರ ಬಂದಾಗ ಇದೇ ಪಾಡು ಮತ್ತೊಮ್ಮೆ. ಯಂತ್ರಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡವನ್ನು ಅದರೊಳಗೆ ಇಳಿಸಲು ದುಡಿದವರಲ್ಲಿ ಕೆ.ಪಿ. ರಾವ್ ಅವರ ಹೆಸರು ದೊಡ್ಡದು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸಕ್ಕೆ ಮುಂದೆ ಕರ್ನಾಟಕ ಸರ್ಕಾರದ ಮನ್ನಣೆ ಸಿಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು.

ಜಾಲದ ಕಥೆ ಇನ್ನೂ ಚಿಕ್ಕದು. ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್ ಲೀ 1989ರಲ್ಲಿ ಒಂದು ಯೋಜನೆ ಬರೆದು ಮೇಲಧಿಕಾರಿಗೆ ಕೊಟ್ಟರು. 1991ರಲ್ಲಿ ಜಗತ್ತಿನ ಮೊದಲ ಜಾಲತಾಣ ಹೊರಗಿನವರಿಗೆ ತೆರೆಯಿತು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಸಾರಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ, 1996ರಲ್ಲಿ, ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಕನ್ನಡ ಜಾಲತಾಣ ಶುರು ಮಾಡಿದರು.

ಆ ಕಾಲದ ಕಷ್ಟ ಕೇಳಿ. ಒಬ್ಬೊಬ್ಬರದು ಒಂದೊಂದು ಬಗೆಯ ಅಕ್ಷರ. ಒಂದು ಪತ್ರಿಕೆಯ ಪುಟ ಓದಲು ಅವರ ಅಕ್ಷರಶೈಲಿಯನ್ನು ಯಂತ್ರಕ್ಕೆ ಹಾಕಿಕೊಳ್ಳಬೇಕು, ಇನ್ನೊಂದಕ್ಕೆ ಇನ್ನೊಂದು. ಹಾಕಿಕೊಳ್ಳದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಶಾಖೆಯೂ ತನ್ನದೇ ನಾಣ್ಯ ಟಂಕಿಸಿದ ಹಾಗೆ, ಒಂದು ಶಾಖೆಯದು ಇನ್ನೊಂದರಲ್ಲಿ ನಡೆಯದು. ಇದಕ್ಕೆ ಮದ್ದು ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಪದ್ಧತಿ ಅದು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಎತ್ತಿಟ್ಟಿದ್ದರು. ಸ್ಟೀಫನ್ಸರನ್ನು ತಡೆದ ಒತ್ತಕ್ಷರದ ಗಂಟು ಇಲ್ಲಿ ಬಿಚ್ಚಿತು. ಒಂದೊಂದು ಒತ್ತಕ್ಷರಕ್ಕೂ ಬೇರೆ ಮೊಳೆ ಬೇಕಿಲ್ಲ. ಕ, ವಿರಾಮದ ಚಿಹ್ನೆ, ಮತ್ತೆ ಕ ಎಂದು ಸಂಖ್ಯೆ ಕೊಟ್ಟರೆ ಯಂತ್ರವೇ ‘ಕ್ಕ’ ಎಂದು ಜೋಡಿಸಿ ತೋರಿಸುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸೇರಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇಂದು ಮಾರುಕಟ್ಟೆಯ ಅಗ್ಗದ ಮೊಬೈಲಿನಲ್ಲೂ ಕನ್ನಡ ಓದಲು ಬರುತ್ತದೆ.

ಇಷ್ಟು ಜನ ಇಷ್ಟು ವರ್ಷ ದುಡಿದು ಮೊಳೆ ತಂದುಕೊಟ್ಟ ಮೇಲೆ ನಾವು ಏನು ಮಾಡುತ್ತೇವೆ? ಕಾರ್ಯಕ್ರಮದ ಕರಪತ್ರದ ಫೋಟೋ ತೆಗೆದು ಅದನ್ನೇ ಜಾಲತಾಣಕ್ಕೆ ಅಂಟಿಸುತ್ತೇವೆ. ನೋಡುವುದಕ್ಕೆ ಕನ್ನಡ, ಯಂತ್ರದ ಪಾಲಿಗೆ ಅದು ಬರೀ ಚಿತ್ರ. ಆ ಚಿತ್ರದೊಳಗಿನ ಊರಿನ ಹೆಸರನ್ನು ಹುಡುಕಿದರೆ ಸಿಗುವ ಭರವಸೆ ಇಲ್ಲ. ಕಣ್ಣು ಮಂಜಾದ ಅಜ್ಜಿಗೆ ಮೊಬೈಲಿನಿಂದ ಓದಿಸುವುದೂ ಕಷ್ಟ. ಆದ್ದರಿಂದ ಯೋಜನೆಯ ಮೊದಲ ಠರಾವು ಹೀಗಿರಲಿ: ನಮ್ಮ ಪುಟದಲ್ಲಿ ಬರುವ ಪ್ರತಿ ಮಾತೂ ಯೂನಿಕೋಡ್ ಅಕ್ಷರದಲ್ಲಿ ಟೈಪ್ ಆಗಿರಬೇಕು. ಚಿತ್ರ ಜೊತೆಗಿರಲಿ, ಅಕ್ಷರದ ಬದಲಿಗೆ ಬೇಡ.

ಎರಡನೆಯ ಪ್ರಶ್ನೆ ಭಾಷೆಯದು. ಗೋವಾದಲ್ಲಿ 1987ರ ರಾಜಭಾಷಾ ಕಾಯ್ದೆಯಂತೆ ದೇವನಾಗರಿಯ ಕೊಂಕಣಿ ರಾಜಭಾಷೆ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಯನ್ನೂ ಸೇರಿತು. ಅದೇ ಕೊಂಕಣಿಯನ್ನು ಗೋವಾದ ಕ್ರೈಸ್ತ ಬಂಧುಗಳು ರೋಮನ್ ಅಕ್ಷರದಲ್ಲಿಯೂ, ನಮ್ಮ ಮಂಗಳೂರಿನವರು ಕನ್ನಡ ಅಕ್ಷರದಲ್ಲಿಯೂ ಬರೆಯುತ್ತಾರೆ. ಗಡಿಯಲ್ಲಿ ಇರುವ ನಿಮಗೆ ಇದು ಹೊಸತಲ್ಲ. ಹೀಗಿರುವಾಗ ಮೋತಿ ಡೊಂಗರಿನ ಸಂಘದ ಪುಟ ಯಾವ ಭಾಷೆಯಲ್ಲಿರಬೇಕು? ಬರೀ ಕನ್ನಡದಲ್ಲಿದ್ದರೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರಿಗೆ ಓದಲು ಬಾರದು, ನೆರೆಯವರಿಗೂ ತಿಳಿಯದು. ಬರೀ ಇಂಗ್ಲಿಷಿನಲ್ಲಿದ್ದರೆ ಸಂಘ ಕಟ್ಟಿದ ಹಿರಿಯರಿಗೇ ಓದಲಾಗದು. ಒಂದೇ ಸುದ್ದಿಯನ್ನು ಕನ್ನಡದಲ್ಲಿ, ದೇವನಾಗರಿ ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆಯುವುದು ಲೇಸು. ಹತ್ತು ಪುಟ ಒಂದು ಭಾಷೆಯಲ್ಲಿ ಇರುವುದಕ್ಕಿಂತ ಮೂರು ಪುಟ ಮೂರು ಭಾಷೆಯಲ್ಲಿ ಇರುವುದು ನಮ್ಮಂಥ ಗಡಿಯವರಿಗೆ ಹೆಚ್ಚು ಉಪಯೋಗ.

ಹೆಸರಿನ ವಿಷಯಕ್ಕೂ ರಾಯ್ತೂರಿನಲ್ಲಿ ಒಂದು ಪಾಠವಿದೆ. ಸ್ಟೀಫನ್ಸ್ ಬರೆದ ಒಂದು ವ್ಯಾಕರಣ ಅವರು ತೀರಿಕೊಂಡ ಮೇಲೆ 1640ರಲ್ಲಿ ಅಲ್ಲಿಯೇ ಅಚ್ಚಾಯಿತು. ಅದರ ಹೆಸರಿನಲ್ಲಿ ‘ಕಾನಾರಿಂ ಭಾಷೆ’ ಎಂದಿದೆ. ಹೆಸರು ಕೇಳಿದ ಕನ್ನಡಿಗನಿಗೆ, ಆಹಾ, ಕನ್ನಡ ವ್ಯಾಕರಣ ಎಂದು ಹಿಗ್ಗು. ಒಳಗೆ ಇರುವುದು ಕೊಂಕಣಿಯ ವ್ಯಾಕರಣ. ಪೋರ್ಚುಗೀಸರು ಕೊಂಕಣಿಯನ್ನೇ ಕಾನಾರಿಂ ಎನ್ನುತ್ತಿದ್ದರು. ಹೊರಗಿನವರು ಇಟ್ಟ ಹೆಸರು ಹೀಗೆ ದಾರಿ ತಪ್ಪಿಸುತ್ತದೆ. ಮಡಗಾಂವವನ್ನೇ ನೋಡಿ. ರೈಲು ನಿಲ್ದಾಣದ ಇಂಗ್ಲಿಷ್ ಹಲಗೆಯಲ್ಲಿ ಒಂದು ಬಗೆಯ ಕಾಗುಣಿತ, ಊರಿನ ಪುರಸಭೆಯ ಇಂಗ್ಲಿಷ್ ಹೆಸರಿನಲ್ಲಿ ಇನ್ನೊಂದು ಬಗೆ. ಡೊಂಗರ್ ಎಂದು ಕೆಲವರು, ಡೊಂಗೊರ್ ಎಂದು ಕೆಲವರು. ನಮ್ಮ ಪುಟದಲ್ಲಿ ಎಲ್ಲ ಬಗೆಯ ಹೆಸರುಗಳೂ ಒಂದು ಸಲವಾದರೂ ಬಂದಿರಬೇಕು. ಯಾರು ಹೇಗೆ ಹುಡುಕಿದರೂ ನಮ್ಮ ಬಾಗಿಲು ಸಿಗಬೇಕು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮನೆ ಯಾರ ಹೆಸರಿನಲ್ಲಿದೆ? ಜಾಲತಾಣದ ವಿಳಾಸ ಎಂಬುದು ಟೆಲಿಫೋನ್ ಡೈರೆಕ್ಟರಿಯ ಹೆಸರಿನ ಹಾಗೆ. ಯಂತ್ರಗಳಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಹೆಸರು ಹೇಳಿದರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು. ಭಾರತದ ಗುರುತಾದ ‘ಡಾಟ್ ಇನ್’ ಹೆಸರುಗಳು 2005ರಿಂದ ಜನಸಾಮಾನ್ಯರಿಗೂ ಸುಲಭವಾಗಿ ಸಿಗತೊಡಗಿದವು. ಆದರೆ ನೆನಪಿಡಿ, ಈ ಹೆಸರು ಖರೀದಿಯಲ್ಲ, ಅವಧಿಯ ಬಾಡಿಗೆ. ಅವಧಿ ಮುಗಿದು ಹಣ ಕಟ್ಟದೆ ಬಿಟ್ಟರೆ ಆ ಹೆಸರನ್ನು ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಆಮೇಲೆ ನಮ್ಮ ಸಂಘದ ಹೆಸರು ಒತ್ತಿದವರಿಗೆ ಜೂಜಿನ ಜಾಹೀರಾತು ಕಂಡರೆ ಅಚ್ಚರಿಯಿಲ್ಲ.

ಸಾಮಾನ್ಯವಾಗಿ ಏನಾಗುತ್ತದೆಂದರೆ, ಕಾಲೇಜು ಓದುವ ಒಬ್ಬ ಹುಡುಗ ಉತ್ಸಾಹದಿಂದ ಎಲ್ಲ ಮಾಡಿಕೊಡುತ್ತಾನೆ. ಹೆಸರು ಅವನ ಇಮೇಲಿನಲ್ಲಿ, ಗುಪ್ತಪದ ಅವನ ತಲೆಯಲ್ಲಿ, ಓಟಿಪಿ ಬರುವುದು ಅವನ ಮೊಬೈಲಿಗೆ. ಅವನಿಗೆ ದುಬೈಯಲ್ಲೋ ಪುಣೆಯಲ್ಲೋ ನೌಕರಿ ಸಿಗುತ್ತದೆ, ನಂಬರು ಬದಲಾಗುತ್ತದೆ, ಜಾಲತಾಣಕ್ಕೆ ಬೀಗ ಬೀಳುತ್ತದೆ. ಇದರಲ್ಲಿ ಹುಡುಗನ ತಪ್ಪಿಲ್ಲ, ಪದ್ಧತಿಯ ಕೊರತೆ. ಬ್ಯಾಂಕಿನ ಭದ್ರಕೋಣೆಗೆ ಯಾವಾಗಲೂ ಎರಡು ಕೀಲಿ. ಒಂದು ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ವರ್ಗವಾದಾಗ ಸಹಿ ಮಾಡಿ ಕೀಲಿ ಒಪ್ಪಿಸಿದ ಮೇಲೆಯೇ ಬಿಡುಗಡೆ. ಸಂಘದ ಜಾಲತಾಣಕ್ಕೂ ಇದೇ ಇರಲಿ. ಇಮೇಲ್ ಸಂಘದ್ದಾಗಲಿ, ಮೊಬೈಲ್ ನಂಬರು ಸಂಘದ್ದಾಗಲಿ. ಗುಪ್ತಪದವನ್ನು ಬರೆದು ಲಕೋಟೆಯಲ್ಲಿಟ್ಟು ಅರಗು ಹಾಕಿ ಖಜಾಂಚಿಯ ಪೆಟ್ಟಿಗೆಯಲ್ಲಿಡಿ. ಪದಾಧಿಕಾರಿಗಳು ಬದಲಾದ ದಿನ ಅದೂ ಬದಲಾಗಲಿ, ನಡಾವಳಿ ಪುಸ್ತಕದಲ್ಲಿ ಆ ಮಾತು ಬರೆದಿರಲಿ.

ಹೆಸರಿನ ಬೆಲೆ ದೊಡ್ಡವರಿಗೂ ತಿಳಿದಿದೆ. ಬ್ಯಾಂಕುಗಳ ಹೆಸರಿನಲ್ಲಿ ಸುಳ್ಳು ಜಾಲತಾಣ ಕಟ್ಟಿ ಜನರ ಹಣ ಲಪಟಾಯಿಸುವುದು ಹೆಚ್ಚಾದಾಗ ರಿಸರ್ವ್ ಬ್ಯಾಂಕು 2025ರಲ್ಲಿ ಒಂದು ಆಜ್ಞೆ ಹೊರಡಿಸಿತು. ಎಲ್ಲ ಬ್ಯಾಂಕುಗಳೂ ಆ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕು ಎಂದಿತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಕೇಳುಗರು ಇದನ್ನು ತಮ್ಮ ಸ್ವಂತ ರಕ್ಷಣೆಗೂ ನೆನಪಿಡಿ.

ಇನ್ನು ಬಿಟ್ಟಿ ಮನೆಯ ವಿಚಾರ. ಹಣವಿಲ್ಲದೆ ಪುಟ ಮಾಡಿಕೊಡುವ ಕಂಪನಿಗಳು ಯಾವಾಗಲೂ ಇದ್ದವು. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ತಮ್ಮ ಪುಟ ಕಟ್ಟಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ನಮ್ಮ ಹುಡುಗರೆಲ್ಲ ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಣ್ಣ ಅಂಗಡಿಯವರಿಗೆ ಗೂಗಲ್ ಬಿಟ್ಟಿಯಾಗಿ ಮಾಡಿಕೊಟ್ಟಿದ್ದ ಜಾಲತಾಣಗಳು 2024ರ ಮಾರ್ಚಿನಲ್ಲಿ ನಿಂತವು. ಬಿಟ್ಟಿ ಮನೆ ಬೇಡ ಎನ್ನುತ್ತಿಲ್ಲ. ಜಾತ್ರೆಯಲ್ಲಿ ಡೇರೆ ಹಾಕುವುದು ತಪ್ಪಲ್ಲ. ಆದರೆ ಮನೆಯ ದಾಖಲೆ ಪತ್ರಗಳನ್ನು ಡೇರೆಯಲ್ಲಿಟ್ಟು ನಿದ್ದೆ ಮಾಡುವವರು ಯಾರೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಸುದ್ದಿ ಹರಡಿ. ಮೂಲ ಪ್ರತಿ ಮಾತ್ರ ಸಂಘದ ಸ್ವಂತ ವಿಳಾಸದಲ್ಲಿರಲಿ, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ, ಮತ್ತೊಂದು ಕಾಗದದ ಮೇಲೆ.

ಪ್ರತಿ ಏಕೆ ಬೇಕು ಎಂಬುದಕ್ಕೂ ಅದೇ ಕ್ರಿಸ್ತಪುರಾಣ ಸಾಕ್ಷಿ. 1616ರಲ್ಲಿ, ಮತ್ತೆ 1649 ಮತ್ತು 1654ರಲ್ಲಿ ಅದು ಅಚ್ಚಾಯಿತು. ಆ ಮೂರೂ ಮುದ್ರಣಗಳ ಒಂದು ಪ್ರತಿಯೂ ಉಳಿದು ಬಂದಿಲ್ಲ. ನಡುವೆ 1684ರಲ್ಲಿ ಪೋರ್ಚುಗೀಸ್ ಆಳ್ವಿಕೆ ಇಲ್ಲಿನ ಜನರ ಮಾತನ್ನೇ ಬಿಡಿಸಬೇಕೆಂದು ಆಜ್ಞೆ ಹೊರಡಿಸಿತ್ತು. ಆದರೂ ಪುಸ್ತಕ ಸಾಯಲಿಲ್ಲ. ಜನ ಕೈಯಿಂದ ನಕಲು ಮಾಡಿ ಮನೆಮನೆಯಲ್ಲಿ ಇಟ್ಟುಕೊಂಡಿದ್ದರು. ಆ ಕೈಬರಹಗಳ ಆಧಾರದಿಂದ 1907ರಲ್ಲಿ ಜೋಸೆಫ್ ಸಲ್ದಾನಾ ಅವರು ಅದನ್ನು ಮತ್ತೆ ಅಚ್ಚು ಹಾಕಿಸಿದರು. ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನಲ್ಲಿ. ಗೋವಾದಲ್ಲಿ ಹುಟ್ಟಿದ ಪುಸ್ತಕಕ್ಕೆ ಕನ್ನಡ ನಾಡು ಮರುಹುಟ್ಟು ಕೊಟ್ಟಿತು. ಯಂತ್ರದ ಪ್ರತಿ ಹೋಯಿತು, ಜನ ಇಟ್ಟುಕೊಂಡ ಪ್ರತಿ ಉಳಿಯಿತು.

ನಾಲ್ಕನೆಯ ಪ್ರಶ್ನೆ, ಒಳಗೆ ಏನು ಬರೆಯಬೇಕು? ಇಲ್ಲಿ ಸ್ವಲ್ಪ ಮನಸ್ಸಿಟ್ಟು ಓದಿ. ಮೋತಿ ಡೊಂಗರ್ ಎಂದು ಜಾಲದಲ್ಲಿ ಹುಡುಕಿದರೆ ಹೆಚ್ಚಾಗಿ ಬರುವುದು ಪೊಲೀಸರ ಸುದ್ದಿ, ತೆರವಿನ ಸುದ್ದಿ, ಚುನಾವಣೆಯ ಸುದ್ದಿ. ಬರೆದವರು ಗುಡ್ಡದ ಕೆಳಗಿನವರು. 2004ರಲ್ಲಿ ವಾಸ್ಕೋದ ಬೈನಾ ಕಡಲ ದಂಡೆಯಲ್ಲಿ ಮನೆಗಳನ್ನು ಕೆಡವಿದಾಗ ನೂರಾರು ಬಡ ಕುಟುಂಬಗಳು ಬೀದಿಗೆ ಬಂದವು. ಅವರಲ್ಲಿ ಅನೇಕರು ಕನ್ನಡಿಗರು. ಆ ಕೇರಿಯಲ್ಲಿ ಯಾರು ಯಾವಾಗ ಬಂದರು, ಯಾವ ಕೆಲಸ ಮಾಡಿದರು, ಯಾವ ಹಬ್ಬ ಮಾಡಿದರು ಎಂಬುದು ಅವರ ಬಾಯಿಂದಲೇ ಬರೆದಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಬರೆದಿಡದ ಬದುಕನ್ನು ಬೇರೆಯವರು ತಮಗೆ ಬೇಕಾದಂತೆ ಬರೆಯುತ್ತಾರೆ.

ಬರೆಯಲು ನಮಗೆ ಕಥೆ ಇಲ್ಲವೇ? ಬೇಕಾದಷ್ಟಿದೆ. ಮುರ್ಮುಗೋವಾ ಬಂದರಿನಿಂದ ಮಡಗಾಂವದ ಮೇಲಾಗಿ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಸೇರುವ ರೈಲು ದಾರಿ 1888ರಲ್ಲಿ ಪೂರ್ಣಗೊಂಡಿತು. ಹುಬ್ಬಳ್ಳಿ ಧಾರವಾಡದವರಿಗೆ ಗೋವಾ ಅಂದಿನಿಂದ ಹತ್ತಿರವಾಯಿತು. 1955ರಲ್ಲಿ ಗಡಿ ಬಿಗಿಯಾಗಿ ಆ ರೈಲು ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆ ಆದ ಮೇಲೆ ದಾರಿ ಮತ್ತೆ ತೆರೆಯಿತು. ರಸ್ತೆ, ಶಾಲೆ, ಆಸ್ಪತ್ರೆ, ಹೋಟೆಲು ಎಂದು ಕಟ್ಟಡಗಳು ಎದ್ದವು, ಕಟ್ಟುವ ಕೈ ಘಟ್ಟದ ಮೇಲಿನಿಂದ ಬಂದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಈ ಇಸವಿಗಳು ಪುಸ್ತಕದಲ್ಲಿ ಸಿಗುತ್ತವೆ. ನಿಮ್ಮ ಅಜ್ಜ ಯಾವ ರೈಲಿನಲ್ಲಿ, ಯಾರ ಮಾತು ನಂಬಿ, ಕೈಯಲ್ಲಿ ಏನು ಹಿಡಿದು ಬಂದ ಎಂಬುದು ಪುಸ್ತಕದಲ್ಲಿ ಸಿಗದು. ಅದು ಸಂಘದ ಪುಟದಲ್ಲಿ ಬರಬೇಕು.

ದಾಖಲೆಯ ಬೆಲೆಗೆ ಗೋವಾದ್ದೇ ಒಂದು ನಿದರ್ಶನ ಕೇಳಿ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ಬಾಂಕೊ ನಾಸಿಯೊನಾಲ್ ಉಲ್ತ್ರಮರಿನೊ ಎಂಬ ಬ್ಯಾಂಕಿತ್ತು. ಮನೆಯವರು ಒಡವೆ ಅಡವಿಟ್ಟು ಸಾಲ ತರುತ್ತಿದ್ದರು. 1961ರಲ್ಲಿ ವಿಮೋಚನೆಗೆ ಮುಂಚೆಯೇ ಆ ಒಡವೆಗಳು ಲಿಸ್ಬನ್ನಿಗೆ ಹೋದವು. ಮಾತುಕತೆ ವರ್ಷಗಟ್ಟಲೆ ನಡೆಯಿತು. 1991ರಲ್ಲಿ, ಮೂವತ್ತು ವರ್ಷಗಳ ಮೇಲೆ, ಪೋರ್ಚುಗಲ್ ಒಡವೆಗಳನ್ನು ಭಾರತಕ್ಕೆ ಮರಳಿಸಿತು. ಮೂವತ್ತು ವರ್ಷ ಕಳೆದರೂ ಇದು ಇಂಥವರ ಮನೆಯದು ಎಂದು ಹೇಳಬೇಕಾದರೆ ಬರಹ ಬೇಕು. ಬಂಗಾರಕ್ಕೇ ಹೀಗಾದರೆ, ಗುಡ್ಡದ ಮೇಲೆ ಕಳೆದ ಬಾಳಿಗೆ ಬರಹ ಬೇಡವೇ?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಾಖಲೆ ಎಂದರೆ ಎಲ್ಲವನ್ನೂ ಬೀದಿಗೆ ಹರಡುವುದಲ್ಲ. ಲೆಡ್ಜರನ್ನು ಕೌಂಟರಿನ ಮೇಲೆ ಬಿಚ್ಚಿಡುವ ಗುಮಾಸ್ತ ಇಲ್ಲ. ಸದಸ್ಯರ ಮನೆ ವಿಳಾಸ, ಫೋನ್ ನಂಬರು, ಆಧಾರ್ ಸಂಖ್ಯೆ, ಮಕ್ಕಳ ಫೋಟೋ ಇವನ್ನು ಜಾಲತಾಣದಲ್ಲಿ ಹಾಕಬೇಡಿ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿದೆ. ಒಬ್ಬರ ಮಾಹಿತಿ ಬಳಸುವ ಮುಂಚೆ ಅವರ ಒಪ್ಪಿಗೆ ಬೇಕು ಎಂಬುದು ಅದರ ತಿರುಳು. ‘ಹೊರಗಿನವರು’ ಎಂಬ ಮಾತು ಆಗಾಗ ಏಳುವ ಜಾಗದಲ್ಲಿ ಯಾರ ಮನೆ ಎಲ್ಲಿದೆ ಎಂಬ ಪಟ್ಟಿಯನ್ನು ನಾವೇ ಮಾಡಿಕೊಡುವುದು ಜಾಣತನವಲ್ಲ. ಕಥೆ ಹೇಳಿಸಿ, ಹೇಳಿದವರು ಒಪ್ಪಿದರೆ ಮಾತ್ರ ಹೆಸರು ಹಾಕಿ.

ಇಷ್ಟೆಲ್ಲ ಕೇಳಿದ ಮೇಲೆ ಯೋಜನೆ ಎಂಬುದು ದೊಡ್ಡ ಕಡತವಾಗಬೇಕೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ಬ್ಯಾಂಕುಗಳಿಗೆ ಗಣಕಯಂತ್ರ ಬಂದ ರೀತಿ ನೆನಪಿಸಿಕೊಳ್ಳಿ. 1983ರಲ್ಲಿ ನೌಕರರ ಸಂಘಟನೆಗಳ ಜೊತೆ ಒಪ್ಪಂದವಾಯಿತು. 1984ರಲ್ಲಿ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟಿತು. ಯಂತ್ರ ಬಂದ ಮೇಲೂ ತಿಂಗಳುಗಟ್ಟಲೆ ಕೈ ಲೆಡ್ಜರ್ ಮತ್ತು ಯಂತ್ರದ ಲೆಡ್ಜರ್ ಎರಡನ್ನೂ ನಡೆಸಿ, ಎರಡರ ಮೊತ್ತ ತಾಳೆಯಾದ ಮೇಲೆಯೇ ಕೈ ಬಿಟ್ಟದ್ದು. ಜಾಲತಾಣವನ್ನೂ ಹಾಗೆಯೇ ಮಾಡಿ. ಮೊದಲು ಕಾಗದದ ಮೇಲೆ ಬರೆಯಿರಿ. ಒಂದು ಹಾಳೆಯಲ್ಲಿ ಸಂಘದ ಪರಿಚಯ, ಇನ್ನೊಂದರಲ್ಲಿ ಗುಡ್ಡದ ಕಥೆ, ಮತ್ತೊಂದರಲ್ಲಿ ಜನಕ್ಕೆ ದಿನಾ ಬೇಕಾಗುವ ಮಾಹಿತಿ: ರೇಶನ್ ಕಾರ್ಡು ಎಲ್ಲಿ ಮಾಡಿಸಬೇಕು, ಶಾಲೆಗೆ ಯಾವ ಕಾಗದ ಬೇಕು, ಊರಿನ ಬಸ್ಸು ಎಷ್ಟು ಹೊತ್ತಿಗೆ. ಬಂದು ಹೋಗುವ ಸುದ್ದಿಗೆ ತಾರೀಖು ಹಾಕಿ. ಹಾಳೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ತಿದ್ದಿ. ಅದು ಸರಿಯಾದ ಮೇಲೆ ಯಂತ್ರ ಬಲ್ಲ ಹುಡುಗ ಹುಡುಗಿಯರನ್ನು ಕರೆಯಿರಿ. 2003ರಿಂದ ಇರುವ ವರ್ಡ್‌ಪ್ರೆಸ್‌ನಂಥ ಬಿಟ್ಟಿ ಸಾಧನಗಳಿಂದ ಸಾದಾ ಪುಟ ಕಟ್ಟುವುದು ಅವರಿಗೆ ಕಷ್ಟವಲ್ಲ. ಪುಟ ಹಗುರವಾಗಿರಲಿ ಎಂದು ಮಾತ್ರ ಹೇಳಿ. ನಮ್ಮವರು ನೋಡುವುದು ಮೊಬೈಲಿನಲ್ಲಿ, ಗಡಿಯ ಕಾಡಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ದೊಡ್ಡ ದೊಡ್ಡ ಫೋಟೋ ತುಂಬಿದರೆ ಪುಟ ತೆರೆಯುವಷ್ಟರಲ್ಲಿ ಅನ್ನ ಬೇಯುತ್ತದೆ.

ಖರ್ಚಿನ ಚಿಂತೆಯೂ ಬೇಡ. ಗಣಪತಿ ಮಂಟಪದ ದೀಪಾಲಂಕಾರಕ್ಕೆ ನಾವು ಕೂಡಿಸುವ ವರ್ಗಣಿಯ ಮುಂದೆ ವರ್ಷದ ವಿಳಾಸದ ಬಾಡಿಗೆ ಸಣ್ಣದು. ಅದನ್ನು ವಾರ್ಷಿಕ ಮುಂಗಡಪತ್ರದಲ್ಲಿ ಒಂದು ಸಾಲಾಗಿ ಬರೆದುಬಿಡಿ, ಕಟ್ಟುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ಈ ಮಾತು ಮೋತಿ ಡೊಂಗರಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಗಡಿಯ ಈಚೆಗೆ ಇರುವ ಹಾಲಿನ ಸಂಘಕ್ಕೂ, ಭಜನಾ ಮಂಡಳಿಗೂ, ಹಳೆಯ ವಿದ್ಯಾರ್ಥಿಗಳ ಬಳಗಕ್ಕೂ ಇದೇ ಲೆಕ್ಕ. ಬರುವ ಭಾನುವಾರ ಸಭೆ ಸೇರಿದರೆ ಬಣ್ಣದ ಮಾತು, ಫೋಟೋದ ಮಾತು ಕೊನೆಗೆ ಇಟ್ಟುಕೊಳ್ಳಿ. ನೂರು ಪುಟದ ಒಂದು ವಹಿ ತನ್ನಿ. ಊರಿನಲ್ಲಿ ಎಲ್ಲರಿಗಿಂತ ಹಿರಿಯರಾದ ಮೂವರನ್ನು ಕೂರಿಸಿ, ತಾವು ಇಲ್ಲಿಗೆ ಬಂದದ್ದು ಯಾವಾಗ, ಹೇಗೆ ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲಿಯೇ ಬರೆದು, ಓದಿ ಹೇಳಿ, ಕೆಳಗೆ ತಾರೀಖು ಹಾಕಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಿರಿ. ನಿಮ್ಮ ಜಾಲತಾಣದ ಮೊದಲ ಪುಟ ಅಂದೇ ತಯಾರಾಗುತ್ತದೆ.